ಒಡೆದ ಕೊಡ ಏನಾಗುತ್ತದೆ?

ಕಲಾ ವಿಭಾಗದ ವಿದ್ಯಾರ್ಥಿಯಾದ ನಾನು ರಸಾಯನಶಾಸ್ತ್ರದ ವಿಷಯವನ್ನು ಕುರಿತು ಬರೆಯಹೊರಟಿರುವುದನ್ನು ಕಂಡು ವಾಚಕ ಮಿತ್ರರಲ್ಲಿ ಕೆಲವರು ನಗಬಹುದು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವವನಿಗೆ ಪ್ಲಾಸ್ಟಿಕ್ಕಿನ ಗೊಡವೆ ಏಕೆಂದು ಅಧ್ಯಾಪಕರೂ ಕೇಳಬಹುದು. ಆದ್ದರಿಂದ ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು.

ನಮ್ಮೂರು ಚನ್ನಪಟ್ಟಣದ ಸೀಮೆಯ ಒಂದು ಸಣ್ಣ ಹಳ್ಳಿ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಕಳೆದ ಬೇಸಿಗೆಯ ರಜದಲ್ಲಿ ಊರಿಗೆ ಹೋಗಿದ್ದಾಗ ಒಂದು ದಿನ ಬೆಳಗ್ಗೆ ಅವ್ವ ನಲ್ಲಿಯಿಂದ ನೀರು ತರುತ್ತಿದ್ದಳು. ಸೊಂಟದ ಮೇಲಿದ್ದ ನೀಲಿ ಬಣ್ಣದ ಪ್ಲಾಸ್ಟಿಕ್ ಕೊಡ ಇದ್ದಕ್ಕಿದ್ದಂತೆ ಪಕ್ಕದಲ್ಲಿ ಬಿರುಕುಬಿಟ್ಟು, ನೀರೆಲ್ಲ ಅವಳ ಸೀರೆಯ ಮೇಲೆ ಸುರಿಯಿತು. ನಾನು ಓಡಿಹೋಗಿ ಕೊಡವನ್ನು ಹಿಡಿದರೆ, ಅದರ ಬಾಯಿಯ ಅಂಚು ಹಪ್ಪಳದಂತೆ ನನ್ನ ಕೈಯಲ್ಲಿ ಮುರಿಯಿತು. ಬೆರಳಿಗೆ ನೀಲಿಯ ಹಿಟ್ಟು ಅಂಟಿಕೊಂಡಿತು. ಆರು ವರ್ಷಗಳ ಹಿಂದೆ ಸಂತೆಯಲ್ಲಿ ಕೊಂಡಾಗ ಅದನ್ನು ನೆಲಕ್ಕೆ ಎತ್ತಿಹಾಕಿ ತೋರಿಸಿ, ‘ಒಡೆಯೋದೇ ಇಲ್ಲ’ ಎಂದು ಮಾರುವವನು ಹೇಳಿದ್ದು ನನಗೆ ಇನ್ನೂ ನೆನಪಿತ್ತು.

ಅವ್ವ ಸೀರೆ ಹಿಂಡುತ್ತ ಕೇಳಿದಳು: “ಏನ್ಲಾ ಮಗ, ಮಣ್ಣಿನ ಮಡಕೆ ಒಡೆದ್ರೆ ಮಣ್ಣಾಯ್ತದೆ. ತಾಮ್ರದ ಬಿಂದಿಗೆ ತೂತಾದ್ರೆ ಗುಜರಿಯವ ಕಾಸು ಕೊಡ್ತಾನೆ. ಇದು ಹಿಂಗೆ ಪುಡಿಯಾದ್ರೆ ಏನಾಯ್ತದೆ? ಮೂರು ವರ್ಷ ಓದಿದ್ದೀಯಲ್ಲ, ಹೇಳು.”

ನನಗೆ ಗೊತ್ತಿರಲಿಲ್ಲ. ಮೂರು ವರ್ಷಗಳಲ್ಲಿ ನಾನು ಓದಿದ ಪುಸ್ತಕಗಳಾವುವೂ ನನ್ನ ನೆರವಿಗೆ ಬರಲಿಲ್ಲ. ಆ ನಾಚಿಕೆಯಿಂದಲೇ ನನ್ನ ಹಳೆಯ ಹೈಸ್ಕೂಲಿನ ವಿಜ್ಞಾನದ ಮೇಷ್ಟರ ಮನೆಗೆ ಹೋದೆ. ಅವರು ತಾಳ್ಮೆಯಿಂದ ಹೇಳಿದ್ದನ್ನೂ, ಅನಂತರ ನಾನು ಓದಿ ತಿಳಿದದ್ದನ್ನೂ ನನ್ನಂತಹ ಕಲಾ ವಿದ್ಯಾರ್ಥಿಗಳಿಗೆ ಅರ್ಥವಾಗುವಂತೆ ಇಲ್ಲಿ ಬರೆಯಲು ಯತ್ನಿಸಿದ್ದೇನೆ.

ಮೊದಲು ಪ್ಲಾಸ್ಟಿಕ್ ಎಂದರೇನು ಎಂಬುದನ್ನು ನೋಡೋಣ. ಅದು ಒಂದೇ ವಸ್ತುವಿನ ಹೆಸರಲ್ಲ. ಒಂದು ದೊಡ್ಡ ಕುಲದ ಹೆಸರು. ಆ ಕುಲದವರೆಲ್ಲರಿಗೂ ಸಮಾನವಾದ ಲಕ್ಷಣವೆಂದರೆ ಅವುಗಳ ಅಣುಗಳು ಬಹಳ ಉದ್ದವಾದ ಸರಪಳಿಗಳು ಎಂಬುದು. ಇಂತಹ ಸರಪಳಿಗೆ ಪಾಲಿಮರ್ ಎಂದು ಹೆಸರು. ನೀರಿನ ಒಂದು ಅಣುವಿನಲ್ಲಿರುವುದು ಮೂರೇ ಪರಮಾಣುಗಳು. ಕೊಡದ ಪ್ಲಾಸ್ಟಿಕ್ಕಿನ ಒಂದು ಅಣುವಿನಲ್ಲಾದರೋ ಸಾವಿರಾರು ಪರಮಾಣುಗಳು ಒಂದರ ಹಿಂದೊಂದು ಸಾಲುಗಟ್ಟಿ ನಿಂತಿರುತ್ತವೆ.

ಈ ಸರಪಳಿ ಹೇಗೆ ಆಗುತ್ತದೆ ಎಂಬುದನ್ನು ಮೇಷ್ಟರು ಮಕ್ಕಳ ಆಟದ ಉದಾಹರಣೆಯಿಂದ ತಿಳಿಸಿದರು. ಎಥಿಲೀನ್ ಎಂಬ ಅನಿಲವಿದೆ. ಅದರ ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳೂ ನಾಲ್ಕು ಜಲಜನಕದ ಪರಮಾಣುಗಳೂ ಇವೆ. ಆ ಎರಡು ಇಂಗಾಲಗಳು, ಇಬ್ಬರು ಮಕ್ಕಳು ಎರಡೂ ಕೈಗಳನ್ನು ಹಿಡಿದುಕೊಂಡು ನಿಂತಂತೆ, ಎರಡು ಬಂಧಗಳಿಂದ ಕೂಡಿಕೊಂಡಿವೆ. ಬಯಲಿನ ತುಂಬ ಇಂತಹ ಜೋಡಿಗಳೇ ಇವೆ ಎಂದುಕೊಳ್ಳಿ. ಈಗ ಪ್ರತಿಯೊಂದು ಜೋಡಿಯವರೂ ಒಂದು ಕೈಯನ್ನು ಬಿಟ್ಟು, ಬಿಡುವಾದ ಆ ಕೈಯಿಂದ ಪಕ್ಕದ ಜೋಡಿಯ ಕೈಯನ್ನು ಹಿಡಿದರೆ ಏನಾಗುತ್ತದೆ? ಜೋಡಿಗಳೆಲ್ಲ ಸೇರಿ ಒಂದೇ ಉದ್ದ ಸಾಲಾಗುತ್ತವೆ. ಅನಿಲವಾಗಿದ್ದದ್ದು ಗಟ್ಟಿ ಪದಾರ್ಥವಾಗುತ್ತದೆ. ಇದೇ ಪಾಲಿಎಥಿಲೀನ್, ಜನರು ಬಾಯಲ್ಲಿ ಹೇಳುವ ಪಾಲಿಥೀನ್. ಮೇಣದಬತ್ತಿಯ ಮೇಣವೂ ಇದೇ ಬಗೆಯ ಸರಪಳಿಯೇ. ಆದರೆ ಅದರಲ್ಲಿ ಸುಮಾರು ಇಪ್ಪತ್ತರಿಂದ ನಲವತ್ತು ಇಂಗಾಲಗಳಿದ್ದರೆ, ಪಾಲಿಥೀನಿನಲ್ಲಿ ಸಾವಿರಾರು ಇರುತ್ತವೆ. ಉಗುರಿನಿಂದ ಗೀರಬಹುದಾದ ಮೇಣಕ್ಕೂ ನೀರು ಹೊರುವ ಕೊಡಕ್ಕೂ ಇರುವ ಅಂತರ ಮುಖ್ಯವಾಗಿ ಸರಪಳಿಯ ಉದ್ದದ್ದು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಕೊಡ ಏಕೆ ಒಡೆಯಿತೆಂಬುದಕ್ಕೆ ಉತ್ತರ ಇದರಲ್ಲಿಯೇ ಅಡಗಿದೆ.

ಉದ್ದ ಸರಪಳಿಯ ಅಣುಗಳು ಮನುಷ್ಯನು ಹೊಸದಾಗಿ ಕಂಡುಹಿಡಿದ ಸೃಷ್ಟಿಯೇನಲ್ಲ. ಹತ್ತಿಯ ನೂಲು, ಮರದ ನಾರು, ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನ ರೇಷ್ಮೆ, ರಬ್ಬರ್ ಮರದ ಹಾಲು, ಇವೆಲ್ಲವೂ ಪ್ರಕೃತಿಯು ಹೆಣೆದ ಪಾಲಿಮರುಗಳೇ. ನಮ್ಮ ಚನ್ನಪಟ್ಟಣದ ಗೊಂಬೆಗಳ ಮೇಲೆ ಮಿನುಗುವ ಅರಗು ಕೂಡ ಪ್ಲಾಸ್ಟಿಕ್ಕಿನ ದೂರದ ನೆಂಟನೇ. ತಿರುಗುತ್ತಿರುವ ಹಾಲೆಮರದ ತುಂಡಿಗೆ ಕುಶಲಕರ್ಮಿಯು ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾನೆ. ಉಜ್ಜಿದ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆರಿದ ಮೇಲೆ ಗಟ್ಟಿಯಾಗುತ್ತದೆ. ಬಿಸಿಗೆ ಮೆತ್ತಗಾಗಿ ಬೇಕಾದ ರೂಪ ತಾಳಿ, ತಣಿದಾಗ ಆ ರೂಪದಲ್ಲಿಯೇ ನಿಲ್ಲುವ ಗುಣವೇ ಪ್ಲಾಸ್ಟಿಕ್ ಎಂಬ ಹೆಸರಿಗೆ ಮೂಲ.

ಈ ಅರಗಿಗೂ ಪ್ಲಾಸ್ಟಿಕ್ಕಿನ ಚರಿತ್ರೆಗೂ ನಿಜವಾದ ನಂಟೊಂದಿದೆ. ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಇದು ಸ್ವಾರಸ್ಯವಾಗಿ ಕಂಡಿತು. ೧೮೬೨ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಪಾರ್ಕ್ಸ್ ಎಂಬಾತನು ನಾರಿನ ಪದಾರ್ಥವಾದ ಸೆಲ್ಯುಲೋಸನ್ನು ಆಮ್ಲದಿಂದ ಮಾರ್ಪಡಿಸಿ ಮಾಡಿದ ಹೊಸ ವಸ್ತುವನ್ನು ಲಂಡನ್ನಿನ ಪ್ರದರ್ಶನದಲ್ಲಿಟ್ಟನು. ಅಮೆರಿಕೆಯ ಜಾನ್ ವೆಸ್ಲಿ ಹಯಾಟನು ಆನೆಯ ದಂತಕ್ಕೆ ಬದಲು ವಸ್ತುವನ್ನು ಹುಡುಕುತ್ತ, ಅದೇ ಜಾತಿಯ ಪದಾರ್ಥಕ್ಕೆ ಕರ್ಪೂರವನ್ನು ಬೆರೆಸಿ ಸೆಲ್ಯುಲಾಯ್ಡನ್ನು ಮಾಡಿದನು. ಇವೆರಡಕ್ಕೂ ಮೂಲದ್ರವ್ಯ ಪ್ರಕೃತಿಯದೇ. ಪೂರ್ಣವಾಗಿ ಪ್ರಯೋಗಶಾಲೆಯಲ್ಲಿ ಹುಟ್ಟಿದ ಮೊದಲ ಪ್ಲಾಸ್ಟಿಕ್ ಬಂದದ್ದು ೧೯೦೭ರಲ್ಲಿ. ಆ ಕಾಲದಲ್ಲಿ ವಿದ್ಯುತ್ತಿನ ತಂತಿ, ಯಂತ್ರಗಳಿಗೆ ರಕ್ಷಣೆಯಾಗಿ ಅರಗನ್ನು ಬಳಸುತ್ತಿದ್ದರು. ಅರಗಿನ ಹುಳುವಿನಿಂದ ದೊರೆಯುವ ಆ ಪದಾರ್ಥ ಬಹುಮಟ್ಟಿಗೆ ನಮ್ಮ ದೇಶದಿಂದಲೇ ಹೋಗಬೇಕಾಗಿತ್ತು. ಬೇಡಿಕೆ ಹೆಚ್ಚಿತು, ಹುಳುಗಳ ದುಡಿಮೆ ಸಾಲದಾಯಿತು. ಬೆಲ್ಜಿಯಮ್ಮಿನಲ್ಲಿ ಹುಟ್ಟಿ ಅಮೆರಿಕೆಯಲ್ಲಿ ನೆಲೆಸಿದ್ದ ಲಿಯೋ ಬೇಕ್‌ಲ್ಯಾಂಡನು ಅರಗಿಗೆ ಬದಲು ಹುಡುಕುತ್ತ, ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್‌ಗಳನ್ನು ಕೂಡಿಸಿ ಬೇಕಲೈಟನ್ನು ಪಡೆದನು.

ವಸ್ತು ಕೈಗೆ ಬಂದರೂ ಅದರ ಒಳಗುಟ್ಟು ಬಹುಕಾಲ ತಿಳಿದಿರಲಿಲ್ಲ. ಇವು ಬಹಳ ಉದ್ದವಾದ ಒಂದೊಂದೇ ಅಣುಗಳೆಂದು ೧೯೨೦ರಲ್ಲಿ ಜರ್ಮನಿಯ ಹೆರ್ಮನ್ ಸ್ಟಾಡಿಂಜರ್ ಹೇಳಿದಾಗ, ಅಷ್ಟು ದೊಡ್ಡ ಅಣು ಇರಲಾರದೆಂದು ಅನೇಕ ವಿದ್ವಾಂಸರು ಒಪ್ಪಲಿಲ್ಲ. ಆತನು ಪಟ್ಟು ಬಿಡಲಿಲ್ಲ. ೧೯೫೩ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. ಪಾಲಿಥೀನ್ ದೊರೆತದ್ದಂತೂ ಆಕಸ್ಮಿಕ. ೧೯೩೩ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಗಿಬ್ಸನ್ ಮತ್ತು ಫಾಸೆಟ್ ಎಂಬಿಬ್ಬರು ಎಥಿಲೀನನ್ನು ಮತ್ತೊಂದು ದ್ರವದೊಡನೆ ಭಾರಿ ಒತ್ತಡಕ್ಕೆ ಗುರಿಮಾಡಿದರು. ಬಯಸಿದ ಫಲ ಬರಲಿಲ್ಲ. ಪಾತ್ರೆಯಲ್ಲಿ ಮೇಣದಂತಹ ಬಿಳಿಯ ವಸ್ತು ಮಾತ್ರ ಉಳಿದಿತ್ತು. ೧೯೫೩ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲಿಯೇ ಅದನ್ನು ಮಾಡುವ ಉಪಾಯ ಕಂಡುಹಿಡಿದನು. ಮರುವರ್ಷ ಇಟಲಿಯ ಜೂಲಿಯೋ ನಟ್ಟಾ ಅದೇ ಮಾರ್ಗದಿಂದ ಪಾಲಿಪ್ರೊಪಿಲೀನನ್ನು ಪಡೆದನು. ಇಬ್ಬರಿಗೂ ೧೯೬೩ರಲ್ಲಿ ನೊಬೆಲ್ ಸಂದಿತು.

ಒಂದೇ ಪಾಲಿಥೀನಿನಿಂದ ತೆಳುವಾದ ಚೀಲವೂ ಗಟ್ಟಿಯಾದ ಕೊಡವೂ ಹೇಗೆ ಆಗುತ್ತವೆ ಎಂಬ ಸಂದೇಹ ಬರಬಹುದು. ಸೌದೆಯ ಹೊರೆಯನ್ನು ನೆನೆಯಿರಿ. ನೇರವಾದ ಕಡ್ಡಿಗಳನ್ನು ಕಟ್ಟಿದರೆ ಹೊರೆ ಒತ್ತಾಗಿ ಕೂಡುತ್ತದೆ. ಕವಲೊಡೆದ ಮುಳ್ಳುಕಂಟಿಯನ್ನು ಎಷ್ಟು ಬಿಗಿದರೂ ನಡುವೆ ಸಂದು ಉಳಿಯುತ್ತದೆ. ಭಾರಿ ಒತ್ತಡದಲ್ಲಿ ಮಾಡಿದ ಪಾಲಿಥೀನಿನ ಸರಪಳಿಗಳಿಗೆ ಕವಲುಗಳು ಹೆಚ್ಚು. ಆದ್ದರಿಂದ ಅದು ಮೆತ್ತಗೆ. ಜೀಗ್ಲರನ ಮಾರ್ಗದಿಂದ ಬಂದದ್ದರ ಸರಪಳಿಗಳು ನೇರ. ಆದ್ದರಿಂದ ಅದು ಗಟ್ಟಿ. ಇನ್ನು ಎಥಿಲೀನಿನ ನಾಲ್ಕು ಜಲಜನಕಗಳಲ್ಲಿ ಒಂದರ ಸ್ಥಾನಕ್ಕೆ ಕ್ಲೋರಿನ್ ಬಂದರೆ ವಸ್ತುವೇ ಬೇರೆಯಾಗುತ್ತದೆ. ಅದು ಪಿ.ವಿ.ಸಿ., ಬೋರ್‌ವೆಲ್ಲಿನಿಂದ ಗದ್ದೆಗೆ ನೀರು ಒಯ್ಯುವ ಪೈಪು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್ನೇ. ನೀರಿನ ಬಾಟಲಿಯ ಪಿ.ಇ.ಟಿ. ಎಂಬುದರ ಸರಪಳಿಯಲ್ಲಿ ಇಂಗಾಲದ ನಡುನಡುವೆ ಆಮ್ಲಜನಕವೂ ಸೇರಿರುತ್ತದೆ. ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು: ಬಾಟಲಿಯನ್ನು ಕತ್ತರಿಸಿ ಒಂದು ಚೂರನ್ನೂ ಅದರ ಮುಚ್ಚಳವನ್ನೂ ಬಕೆಟ್ಟಿನ ನೀರಿನಲ್ಲಿ ಅದ್ದಿ ಬಿಡಿ. ಚೂರು ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಒಂದೇ ಬಾಟಲಿ ಎಂದುಕೊಂಡದ್ದರಲ್ಲಿ ಎರಡು ಬೇರೆ ಬೇರೆ ಪದಾರ್ಥಗಳಿವೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ.

ಪ್ಲಾಸ್ಟಿಕ್ಕುಗಳಲ್ಲಿ ಎರಡು ಮುಖ್ಯ ವರ್ಗಗಳುಂಟು. ಹಸಿ ಜೇಡಿಮಣ್ಣು ಒಣಗಿದರೂ ನೀರು ಹಾಕಿ ಕಲಸಿದರೆ ಮತ್ತೆ ಮುದ್ದೆಯಾಗುತ್ತದೆ. ಆವಿಗೆಯಲ್ಲಿ ಸುಟ್ಟ ಮಡಕೆ ಎಂದಿಗೂ ಮುದ್ದೆಯಾಗದು. ಕೊಡ, ಚೀಲ, ಬಾಟಲಿಗಳು ಮೊದಲನೆಯ ವರ್ಗದವು. ಅವುಗಳ ಸರಪಳಿಗಳು ಬಿಡಿಬಿಡಿಯಾಗಿರುವುದರಿಂದ ಬಿಸಿಗೆ ಒಂದರ ಮೇಲೊಂದು ಜಾರಿ ಕರಗುತ್ತವೆ. ಕೊಡದ ಪಾಲಿಥೀನ್ ಸುಮಾರು ೧೩೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ವಿದ್ಯುತ್ ಸ್ವಿಚ್ಚು, ಕುಕ್ಕರಿನ ಹಿಡಿಗಳ ಬೇಕಲೈಟು ಎರಡನೆಯ ವರ್ಗದ್ದು. ಅದರಲ್ಲಿ ಸರಪಳಿಗಳು ಅಡ್ಡಕೊಂಡಿಗಳಿಂದ ಬಲೆಯಾಗಿ ಬೆಸೆದುಹೋಗಿರುತ್ತವೆ. ಅದು ಸುಡಬಹುದೇ ಹೊರತು ಕರಗಲಾರದು.

ಈಗ ಅವ್ವನ ಕೊಡಕ್ಕೆ ಬರೋಣ. ಆರು ವರ್ಷ ನೀರು ಹೊತ್ತ ಕೊಡ ಏಕೆ ಹಪ್ಪಳದಂತಾಯಿತು? ಭಾರದಿಂದಲ್ಲ, ನೀರಿನಿಂದಲೂ ಅಲ್ಲ, ಬಿಸಿಲಿನಿಂದ. ನಮ್ಮ ಮನೆಯ ಕೊಡಗಳನ್ನು ಇಡುತ್ತಿದ್ದುದು ಹಿತ್ತಲಿನ ಕಲ್ಲಿನ ಮೇಲೆ. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿವೆ. ಅವು ಪ್ಲಾಸ್ಟಿಕ್ಕಿನಲ್ಲಿ ಉಳಿದುಕೊಂಡ ಕಲ್ಮಷಗಳಿಗೆ, ತಯಾರಿಕೆಯ ಕಾಲದಲ್ಲಿಯೇ ಕೆಟ್ಟ ಒಂದೆರಡು ಕೊಂಡಿಗಳಿಗೆ ತಗುಲಿ, ಸರಪಳಿಯ ಮೇಲೆ ಒಂಟಿಕೈಯ ಪರಮಾಣುವೊಂದನ್ನು ಉಂಟುಮಾಡುತ್ತವೆ. ಬಿಡುವಾದ ಆ ಕೈಯನ್ನು ಗಾಳಿಯ ಆಮ್ಲಜನಕ ತಟ್ಟನೆ ಹಿಡಿಯುತ್ತದೆ. ಹೀಗೆ ಹಿಡಿದದ್ದು ಸುಮ್ಮನಿರದೆ ಪಕ್ಕದ ಸರಪಳಿಯಿಂದ ಒಂದು ಜಲಜನಕವನ್ನು ಕಿತ್ತುಕೊಳ್ಳುತ್ತದೆ. ಆಗ ಅಲ್ಲಿಯೂ ಒಂದು ಕೈ ಬಿಡುವಾಗುತ್ತದೆ. ಬಣವೆಗೆ ಹತ್ತಿದ ಕಿಡಿಯಂತೆ ಈ ಕ್ರಿಯೆ ಒಂದರಿಂದ ಮತ್ತೊಂದಕ್ಕೆ ದಾಟುತ್ತ ಹೋಗುತ್ತದೆ. ದಾರಿಯುದ್ದಕ್ಕೂ ಸರಪಳಿಗಳು ತುಂಡಾಗುತ್ತವೆ.

ತುಂಡಾದರೆ ಏನು ಎಂದು ಕೇಳಬಹುದು. ಒತ್ತುಶಾವಿಗೆಯನ್ನು ತಟ್ಟೆಯಿಂದ ಎತ್ತಿ ನೋಡಿ. ಎಳೆಗಳು ಉದ್ದವಾಗಿದ್ದರೆ ಒಂದನ್ನೊಂದು ಹೆಣೆದುಕೊಂಡು ಇಡೀ ಮುದ್ದೆಯೇ ಮೇಲೇಳುತ್ತದೆ. ಅದೇ ಎಳೆಗಳನ್ನು ಚಿಕ್ಕದಾಗಿ ಕತ್ತರಿಸಿದರೆ ಉದುರಿಹೋಗುತ್ತವೆ. ಕೊಡದ ಬಲವೆಲ್ಲ ಎಳೆಗಳ ಹೆಣಿಗೆಯಲ್ಲಿತ್ತು. ಎಳೆಗಳು ಗಿಡ್ಡವಾದಂತೆ ಹೆಣಿಗೆ ಸಡಿಲಿತು, ಬಳುಕುತ್ತಿದ್ದದ್ದು ಪೆಡಸಾಯಿತು, ಮೇಲ್ಮೈ ಸೀಮೆಸುಣ್ಣದಂತೆ ಪುಡಿಯಾಗತೊಡಗಿತು. ನನ್ನ ಬೆರಳಿಗೆ ಅಂಟಿದ ನೀಲಿ ಹಿಟ್ಟು ಅದೇ.

ತಯಾರಕರು ಇದನ್ನು ಅರಿಯದವರಲ್ಲ. ಆದ್ದರಿಂದ ಪ್ಲಾಸ್ಟಿಕ್ಕಿಗೆ ಬಣ್ಣದ ಜೊತೆಗೆ, ಕೈ ಬಿಡುವಾದ ಪರಮಾಣುಗಳನ್ನು ತಡೆದು ನಿಲ್ಲಿಸುವ ರಕ್ಷಕ ದ್ರವ್ಯಗಳನ್ನು ಬೆರೆಸುತ್ತಾರೆ. ಅವು ಕಾವಲುಗಾರರಂತೆ, ಕಾಯುತ್ತ ಕಾಯುತ್ತ ತಾವೇ ಸವೆದುಹೋಗುತ್ತವೆ. ಎಲ್ಲಕ್ಕಿಂತ ಸುಲಭವಾದ ರಕ್ಷಕ ನುಣ್ಣಗಿನ ಇಂಗಾಲದ ಮಸಿ. ಅದು ನೇರಳಾತೀತ ಕಿರಣಗಳನ್ನು ತಾನೇ ನುಂಗಿಕೊಳ್ಳುತ್ತದೆ. ತೋಟದಲ್ಲಿ ವರ್ಷಗಟ್ಟಲೆ ಬಿಸಿಲಿಗೆ ಬಿದ್ದಿರುವ ಹನಿ ನೀರಾವರಿಯ ಪೈಪುಗಳೆಲ್ಲ ಕಪ್ಪಗಿರುವುದೇಕೆಂಬುದು ನನಗೆ ಅಂದು ಅರ್ಥವಾಯಿತು.

ಎಲ್ಲ ಪ್ಲಾಸ್ಟಿಕ್ಕುಗಳೂ ಒಂದೇ ರೀತಿ ಹಳತಾಗುವುದಿಲ್ಲ. ಪಿ.ವಿ.ಸಿ. ಹುಟ್ಟಿನಿಂದ ಗಡುಸು. ಅದಕ್ಕೆ ಎಣ್ಣೆಯಂತಹ ದ್ರವ್ಯಗಳನ್ನು ಬೆರೆಸಿದರೆ ಮೆತ್ತಗಾಗುತ್ತದೆಂದು ೧೯೨೬ರಲ್ಲಿ ಅಮೆರಿಕೆಯ ವಾಲ್ಡೋ ಸೆಮನ್ ಕಂಡುಕೊಂಡನು. ಬಸ್ಸಿನ ಸೀಟಿನ ರೆಕ್ಸಿನ್ ಹೀಗೆ ಮೆತ್ತಗಾದದ್ದು. ಆ ದ್ರವ್ಯ ಸರಪಳಿಗಳ ನಡುವೆ ಸೇರಿರುತ್ತದೆಯೇ ಹೊರತು ಅವಕ್ಕೆ ಬೆಸೆದುಕೊಂಡಿರುವುದಿಲ್ಲ. ಕಾಲಕ್ರಮದಲ್ಲಿ ಅದು ಸೋರಿ ಹೊರಬರುತ್ತದೆ. ರೆಕ್ಸಿನ್ ಗಡುಸಾಗಿ ಸೀಳುತ್ತದೆ. ಬಿಸಿ ಹೆಚ್ಚಾದರೆ ಪಿ.ವಿ.ಸಿ.ಯಿಂದ ಕ್ಲೋರಿನ್ನೂ ಜಲಜನಕವೂ ಜೊತೆಗೂಡಿ ಆಮ್ಲವಾಗಿ ಹೊರಡುತ್ತವೆ. ವಸ್ತು ಹಳದಿಯಾಗಿ ಕಂದಾಗುತ್ತದೆ.

ಹಾಗಾದರೆ ಪುಡಿಯಾದದ್ದು ಕೊನೆಗೆ ಏನಾಗುತ್ತದೆ? ಅವ್ವನ ಪ್ರಶ್ನೆಯ ಕಷ್ಟದ ಭಾಗ ಇದು. ಸೌದೆ ಕೊಳೆಯುವುದು ಸೂಕ್ಷ್ಮಜೀವಿಗಳ ರಸಗಳು ನಾರಿನ ಸರಪಳಿಯನ್ನು ನಿರ್ದಿಷ್ಟ ಕೊಂಡಿಗಳಲ್ಲಿ ಕತ್ತರಿಸುವುದರಿಂದ. ಪಾಲಿಥೀನಿನ ಬೆನ್ನೆಲುಬು ತುದಿಯಿಂದ ತುದಿಗೆ ಬರಿಯ ಇಂಗಾಲ. ಅಲ್ಲಿ ಆ ಜೀವಿಗಳಿಗೆ ಕತ್ತರಿ ಇಡಲು ಎಡೆಯೇ ಸಿಕ್ಕುವುದು ಕಷ್ಟ. ಕೊಡ ಚೂರಾಗುತ್ತದೆ, ಚೂರು ಪುಡಿಯಾಗುತ್ತದೆ, ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಆದರೆ ಬಹುಕಾಲ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಐದು ಮಿಲಿಮೀಟರಿಗಿಂತ ಸಣ್ಣ ಇಂತಹ ಕಣಗಳಿಗೆ ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ೨೦೦೪ರಲ್ಲಿ ಇಂಗ್ಲೆಂಡಿನ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರು ಸಮುದ್ರದ ಕಣಗಳ ಬಗೆಗೆ ಬರೆದ ಮೇಲೆ ಈ ಮಾತು ಎಲ್ಲೆಡೆ ಹಬ್ಬಿತು. ಆಮೇಲೆ ಮಣ್ಣಿನಲ್ಲಿ, ಕುಡಿಯುವ ನೀರಿನಲ್ಲಿ, ಮನುಷ್ಯನ ರಕ್ತದಲ್ಲಿಯೂ ಅವು ಕಂಡುಬಂದಿವೆ. ಪಿ.ಇ.ಟಿ.ಯ ಸರಪಳಿಯಲ್ಲಿ ಆಮ್ಲಜನಕದ ಕೊಂಡಿಗಳಿರುವುದರಿಂದ ಅದರ ಮಟ್ಟಿಗೆ ಸ್ವಲ್ಪ ಆಶೆಯುಂಟು. ಅದನ್ನು ಕತ್ತರಿಸಿ ತಿನ್ನುವ ಒಂದು ಬ್ಯಾಕ್ಟೀರಿಯ ಜಪಾನಿನ ಸಕಾಯ್ ನಗರದಲ್ಲಿ ದೊರೆತಿದೆಯೆಂದು ೨೦೧೬ರಲ್ಲಿ ಪ್ರಕಟವಾಯಿತು. ಆದರೆ ಅದರ ಕೆಲಸ ನಿಧಾನ.

ಇದನ್ನೆಲ್ಲ ಕೇಳಿಕೊಂಡು ಮನೆಗೆ ಬಂದಾಗ ಅವ್ವ ಒಲೆ ಹಚ್ಚುತ್ತಿದ್ದಳು. ಹಸಿ ಸೌದೆಗೆ ಬೆಂಕಿ ಹತ್ತಲೆಂದು ಹಾಲಿನ ಕವರನ್ನೂ ಹರಿದ ಚಪ್ಪಲಿಯ ಚೂರನ್ನೂ ಒಲೆಗೆ ತುರುಕಿದ್ದಳು. ಕಪ್ಪು ಹೊಗೆ ತುಂಬಿತ್ತು, ಅವಳು ಕೆಮ್ಮುತ್ತಿದ್ದಳು. ಇದು ನಮ್ಮ ಮನೆಯಲ್ಲಿ ಬಹು ವರ್ಷಗಳಿಂದ ನಡೆದುಬಂದದ್ದು. ನಾನೂ ಎಷ್ಟೋ ಸಲ ಹೀಗೆಯೇ ಒಲೆ ಹಚ್ಚಿದ್ದೇನೆ. ಅಂದು ಮೊದಲ ಸಲ ಭಯವಾಯಿತು. ಸರಿಯಾಗಿ ಉರಿಯದ ಪ್ಲಾಸ್ಟಿಕ್ಕಿನಿಂದ ಮಸಿಯೂ ಕಾರ್ಬನ್ ಮಾನಾಕ್ಸೈಡೂ ಬರುತ್ತವೆ. ಚಪ್ಪಲಿ ಪಿ.ವಿ.ಸಿ.ಯದಾದರೆ ಕಣ್ಣು ಗಂಟಲುಗಳನ್ನು ಸುಡುವ ಆಮ್ಲದ ಆವಿಯೂ, ಡಯಾಕ್ಸಿನ್ ಎಂಬ ಬಹುಕಾಲ ಉಳಿಯುವ ವಿಷಗಳೂ ಹುಟ್ಟಬಹುದು. ನಾನು ಹೇಳಿದ್ದನ್ನೆಲ್ಲ ಅವ್ವ ಕೇಳಿದಳು.

“ಸರಿ ಕಣಪ್ಪ, ಮಳೆಗಾಲದಾಗೆ ಒಲೆ ಹಚ್ಚೋಕೆ ಇನ್ನೇನು ಹಾಕ್ಲಿ? ನಿನ್ನ ಪುಸ್ತಕವಾ?” ಎಂದಳು.

ಅವಳ ಮಾತಿನಲ್ಲಿ ನ್ಯಾಯವಿತ್ತು. ಬೇಡವೆನ್ನುವುದು ಸುಲಭ, ಬದಲನ್ನು ತೋರಿಸದೆ ಬೇಡವೆನ್ನುವುದು ಓದಿದವರ ದೊಡ್ಡಸ್ತಿಕೆಯಾದೀತು. ಆ ರಜದಲ್ಲಿ ನಾನೂ ಅಪ್ಪನೂ ಸೇರಿ ತೆಂಗಿನ ಕರಟ, ನಾರು, ಒಣಗರಿಗಳನ್ನು ಒಟ್ಟುಮಾಡಿ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲಕ್ಕೆ ಸಾಲುವಷ್ಟು ತುಂಬಿದೆವು.

ಪ್ಲಾಸ್ಟಿಕ್ಕನ್ನು ಬಯ್ಯುವುದು ನನ್ನ ಉದ್ದೇಶವಲ್ಲ. ತುಂಬಿದ ತಾಮ್ರದ ಬಿಂದಿಗೆ ಹೊತ್ತು ನನ್ನ ಅಜ್ಜಿಯ ಸೊಂಟ ಬಾಗಿತ್ತು. ಅವ್ವನ ಸೊಂಟವನ್ನು ಹಗುರವಾದ ಕೊಡ ಎಷ್ಟೋ ಉಳಿಸಿದೆ. ಆಸ್ಪತ್ರೆಯ ರಕ್ತದ ಚೀಲ, ಸಿರಿಂಜುಗಳು ಪ್ಲಾಸ್ಟಿಕ್ಕಿನವೇ. ದೋಷವಿರುವುದು ಬಳಕೆಯ ಕ್ರಮದಲ್ಲಿ. ಬಹುಕಾಲ ಬಾಳುವ ಪದಾರ್ಥದಿಂದ ಅಂಗಡಿಯಿಂದ ಮನೆಯವರೆಗಷ್ಟೇ ಬೇಕಾದ ಚೀಲವನ್ನು ಮಾಡುತ್ತೇವೆ. ೨೦೧೬ರಲ್ಲಿ ನಮ್ಮ ರಾಜ್ಯ ಸರ್ಕಾರವು ಪ್ಲಾಸ್ಟಿಕ್ ಕೈಚೀಲ ಮೊದಲಾದವನ್ನು ನಿಷೇಧಿಸಿತು. ೨೦೨೨ರ ಜುಲೈ ೧ರಿಂದ ಒಮ್ಮೆ ಬಳಸಿ ಎಸೆಯುವ ಹಲವು ವಸ್ತುಗಳ ಮೇಲೆ ದೇಶದಾದ್ಯಂತ ನಿಷೇಧ ಬಂದಿತು. ಆದರೂ ಸಂತೆಯಲ್ಲಿ ಅವು ಕಾಣದಾಗಿಲ್ಲ. ಕರಗಿಸಿ ಮತ್ತೆ ಬಳಸುವ ದಾರಿಯೂ ಉಂಟು. ಆದರೆ ಪ್ರತಿ ಸಲ ಕಾಯಿಸಿದಾಗಲೂ ಸರಪಳಿಗಳು ಒಂದಿಷ್ಟು ಕೆಡುತ್ತವೆ. ಬಗೆಬಗೆಯ ಪ್ಲಾಸ್ಟಿಕ್ಕುಗಳು ಎಣ್ಣೆ ನೀರಿನಂತೆ ಒಂದರೊಡನೊಂದು ಬೆರೆಯಲಾರವು. ಆದ್ದರಿಂದ ಬೇರೆ ಬೇರೆ ಮಾಡಿ ಕೊಡುವುದು ಅಗತ್ಯ. ಸಾಮಾನಿನ ತಳದಲ್ಲಿ ತ್ರಿಕೋನದೊಳಗೆ ಒಂದರಿಂದ ಏಳರವರೆಗೆ ಅಂಕೆಯಿರುವುದು ಇದನ್ನು ಗುರುತಿಸಲೆಂದೇ. ನಮ್ಮ ಹಾಸ್ಟೆಲಿನಲ್ಲಿ ಎಲ್ಲ ಕಸವೂ ಒಂದೇ ಡಬ್ಬಕ್ಕೆ ಬೀಳುತ್ತದೆಂಬುದನ್ನು ಸಹಪಾಠಿಗಳಿಗೆ ನೆನಪಿಸಿದರೆ ತಪ್ಪಾಗಲಾರದು.

ಒಡೆದ ಕೊಡವನ್ನು ಅವ್ವ ತಿಪ್ಪೆಗೆ ಎಸೆದಿದ್ದಳು. ನಮ್ಮ ತಿಪ್ಪೆಯ ಗೊಬ್ಬರ ಹೋಗುವುದು ರಾಗಿ ಹೊಲಕ್ಕೆ. ಉಳುವಾಗ ನೇಗಿಲಿಗೆ ಕವರಿನ ಚಿಂದಿಗಳು ಸಿಕ್ಕುವುದನ್ನು ಅಪ್ಪ ಮೊದಲೇ ಹೇಳಿದ್ದ. ನಾನು ಕೊಡವನ್ನು ತೆಗೆಯಲು ಹೋದಾಗ ಅವ್ವ ತಾನೇ ಬಂದು, ಉದುರಿದ ನೀಲಿ ಚೂರುಗಳನ್ನು ಒಂದೊಂದಾಗಿ ಆರಿಸಿ ಕೊಡದೊಳಕ್ಕೆ ಹಾಕಿದಳು. ಮರುದಿನ ಬಂದ ಗುಜರಿಯವನು ಅದಕ್ಕೆ ಕಾಸೇನೂ ಕೊಡಲಿಲ್ಲ. ಬಹಳ ಹಳತಾಗಿದೆ ಎಂದು ಸುಮ್ಮನೆ ಒಯ್ದನು. ಹೊಸ ಕೊಡವನ್ನು ಈಗ ಹಿತ್ತಲಿನ ಕಲ್ಲಿನ ಮೇಲಲ್ಲ, ಜಗಲಿಯ ನೆರಳಿನಲ್ಲಿ ಬೋರಲು ಹಾಕಿಡುತ್ತಾಳೆ.

ಈ ಲೇಖನದಲ್ಲಿ ತಿಳಿವಳಿಕೆಯ ಅಂಶವೇನಾದರೂ ಇದ್ದರೆ ಅದು ಆ ಮೇಷ್ಟರದು, ತಪ್ಪುಗಳಿದ್ದರೆ ನನ್ನವು. ಪ್ರಶ್ನೆ ಮಾತ್ರ ಅವ್ವನದು.